ಎಪ್ಪತ್ತೆಂಟು ಅಂಕದ ನಮ್ಮ ಸುಖ

ಮಾನ್ಯ ಜೀವನಮಟ್ಟ ಪ್ರಶ್ನಾವಳಿಯವರ ಸನ್ನಿಧಿಗೆ, ಡಯಾಲಿಸಿಸ್ ವಾರ್ಡಿನ ಐದನೇ ಕುರ್ಚಿಯ ನಿವೃತ್ತ ದರ್ಜಿ ಮಾಡುವ ನಮಸ್ಕಾರಗಳು.

ಮಾನ್ಯರೇ, ಇಲ್ಲಿ ನಾವು ಎಂಟು ಜನರೂ ಕ್ಷೇಮ. ಎಷ್ಟು ಕ್ಷೇಮವೆಂಬುದನ್ನು ತಾವೇ ಲೆಕ್ಕ ಹಾಕಿ ಗೋಡೆಗೆ ಅಂಟಿಸಿರುವುದರಿಂದ ನಾನು ಮತ್ತೆ ಬರೆಯಬೇಕಾಗಿಲ್ಲ. ತಮ್ಮ ಮನೆಯ ಇಪ್ಪತ್ತೆಂಟು ಪ್ರಶ್ನೆಗಳೂ ಆರೋಗ್ಯವೇ? ‘ಮೆಟ್ಟಿಲು ಹತ್ತಬಲ್ಲಿರಾ’ ಎಂದು ಎಲ್ಲರನ್ನೂ ಹತ್ತಿಸುವ ನಾಲ್ಕನೆಯವರ ಏದುಸಿರು ಹೇಗಿದೆ? ‘ಕಳೆದ ನಾಲ್ಕು ವಾರಗಳಲ್ಲಿ ಚೈತನ್ಯದಿಂದ ತುಂಬಿದ್ದಿರಾ’ ಎಂದು ಕೇಳುವ ಒಂಬತ್ತನೆಯವರು ತಾವಾದರೂ ತುಂಬಿಕೊಂಡಿದ್ದಾರೆಯೇ? ಆರೋಗ್ಯದಿಂದಾಗಿ ಸ್ನೇಹಿತರ ಭೇಟಿಗೆ ಅಡ್ಡಿಯಾಯಿತೇ ಎಂದು ವಿಚಾರಿಸುವ ಇಪ್ಪತ್ತನೆಯವರನ್ನು ನಾನು ವಿಶೇಷವಾಗಿ ಕೇಳಿದೆನೆಂದು ಹೇಳಿ. ಅವರಿಗೆ ನಾನು ‘ಇಲ್ಲವೇ ಇಲ್ಲ’ ಎಂದು ಉತ್ತರ ಕೊಟ್ಟಿದ್ದೆ. ನನ್ನ ಸ್ನೇಹಿತರೆಲ್ಲ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಅಕ್ಕಪಕ್ಕದ ಕುರ್ಚಿಗಳಲ್ಲಿ ಸೂಜಿ ಚುಚ್ಚಿಸಿಕೊಂಡು ಸಿಗುತ್ತಾರಾದ್ದರಿಂದ, ಮೂತ್ರಪಿಂಡ ಕೆಟ್ಟ ಮೇಲೆ ನನ್ನಷ್ಟು ಗೆಳೆಯರಿರುವವರು ಊರಲ್ಲಿ ಇನ್ನೊಬ್ಬರಿಲ್ಲ.

ತಾವು ನಮ್ಮ ವಾರ್ಡಿಗೆ ದಯಮಾಡಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಆಗತಾನೆ ನನ್ನ ತೋಳಿನಲ್ಲಿ ಒಂದೇ ಸಲಕ್ಕೆ ರಕ್ತನಾಳ ಹಿಡಿದ ಹೆಮ್ಮೆಯಲ್ಲಿದ್ದ ನಮ್ಮ ಸಿಸ್ಟರ್, ತಮ್ಮನ್ನು ರಟ್ಟಿಗೆ ಸಿಕ್ಕಿಸಿಕೊಂಡು ಬಂದು, ‘ಹೇಳಿ ಅಜ್ಜ, ನೋವು ಎಷ್ಟಿದೆ’ ಎಂದರೆ ಯಾವ ಬಾಯಲ್ಲಿ ‘ವಿಪರೀತ’ ಅನ್ನಲಿ? ಅದೂ ಅಲ್ಲದೆ ನಮ್ಮಲ್ಲಿ ಒಂದು ಕಟ್ಟಳೆಯಿದೆ: ಸೂಜಿ ತೆಗೆಯುವ ತನಕ ಯಾರೂ ಕಷ್ಟ ತೋಡಿಕೊಳ್ಳುವಂತಿಲ್ಲ. ಒಬ್ಬರು ಶುರುಮಾಡಿದರೆ ಸಾಲಾಗಿ ಎಲ್ಲರ ರಕ್ತದೊತ್ತಡವೂ ಕುಸಿಯುತ್ತದೆಂಬುದು ನಮ್ಮ ಅನುಭವ. ಹೀಗಾಗಿ ಕಾಲಿನ ಸೆಳೆತಕ್ಕೆ ಹಲ್ಲು ಕಚ್ಚಿಕೊಂಡಿದ್ದ ಆರನೇ ಕುರ್ಚಿಯ ಮೇಷ್ಟ್ರು ‘ಏನೂ ತೊಂದರೆ ಇಲ್ಲ, ಬರ್ಕೊಳ್ಳಮ್ಮ’ ಎಂದರು, ತಾವು ಬರೆದುಕೊಂಡಿರಿ. ಹೋದ ವರ್ಷಕ್ಕಿಂತ ಈಗ ಹೇಗಿದ್ದೀರಿ ಎಂದು ನನ್ನನ್ನು ಕೇಳಿದಿರಿ. ಹೋದ ವರ್ಷ ನನ್ನನ್ನು ಸ್ಟ್ರೆಚರ್ ಮೇಲೆ ಹೊತ್ತು ತಂದಿದ್ದರು, ಈಗ ನನ್ನ ಕಾಲ ಮೇಲೆ ಬರುತ್ತೇನೆ, ಆದ್ದರಿಂದ ‘ತುಂಬಾ ಉತ್ತಮ’ ಎಂದೆ. ಅದೂ ದಾಖಲಾಯಿತು.

ಈಗ ಎಲ್ಲ ರೋಗಿಗಳ ಗುಂಪುಗಳನ್ನೂ ಒಂದೇ ಕೋಲಿನಿಂದ ಅಳೆದ ತಮ್ಮ ಪಟ್ಟಿ ಲಿಫ್ಟಿನ ಪಕ್ಕದಲ್ಲಿ ರಾರಾಜಿಸುತ್ತಿದೆ: ಮಂಡಿ ಬದಲಾಯಿಸಿಕೊಂಡವರಿಗೆ ನೂರಕ್ಕೆ ನಲವತ್ತೊಂದು, ಹೃದಯದವರಿಗೆ ಐವತ್ತಾರು, ನಮಗೆ ಎಪ್ಪತ್ತೆಂಟು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ನನಗೆ ಇಷ್ಟು ಅಂಕ ಇದುವರೆಗೆ ಯಾರೂ ಕೊಟ್ಟಿರಲಿಲ್ಲ. ಮಂಡಿಯ ಗುಂಪಿನಲ್ಲಿರುವ ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಫೋನ್ ಮಾಡಿ, ‘ಏನಯ್ಯ ಭಾಮೈದ, ಎಂಬತ್ತರ ಹತ್ತಿರ ಇದ್ದೀಯಂತೆ, ಓಟದ ಪಂದ್ಯಕ್ಕೆ ಹೆಸರು ಕೊಟ್ಟಾಯ್ತಾ’ ಎಂದು ಛೇಡಿಸಿದರು. ಭಾವನ ನೋವೇನೂ ಸುಳ್ಳಲ್ಲ. ಮೂರು ವಾರದಿಂದ ಟೆರೇಸಿನ ಹೂಕುಂಡಗಳ ಹತ್ತಿರ ಹೋಗಲಾಗಿಲ್ಲವೆಂದು ಅವರು ನಿಜವಾಗಿಯೂ ಕುಗ್ಗಿದ್ದಾರೆ. ಅವರಿಗೆ ಮೊದಲಿನಂತೆ ಓಡಾಡುವ ಆಸೆ, ನಮಗೆ ದಿನಕ್ಕೆ ಇನ್ನೊಂದು ಲೋಟ ನೀರು ಕುಡಿಯುವ ಆಸೆ. ಆಸೆ ಸಣ್ಣದಾದಷ್ಟೂ ಅಂಕ ದೊಡ್ಡದಾಗುವ ತಮ್ಮ ವಿದ್ಯೆಗೆ ನಾನು ತಲೆಬಾಗುತ್ತೇನೆ. ನಲವತ್ತು ವರ್ಷ ಟೇಪನ್ನು ಕೊರಳಿಗೆ ಹಾಕಿಕೊಂಡಿದ್ದವನು ನಾನು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಗಿರಾಕಿಯನ್ನು ನೋಡಿದೊಡನೆ ಗುರುತಿಸಿ, ಏನೂ ಹೇಳದೆ, ಎರಡು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಿದ್ದೆ. ತಾವಾದರೋ ನಾವು ಉಸಿರು ಬಿಗಿಹಿಡಿದು ಕೊಟ್ಟ ಅಳತೆಗೇ ಅಂಗಿ ಹೊಲಿದುಬಿಟ್ಟಿರಿ.

ಇಷ್ಟಕ್ಕೇ ನಿಂತಿದ್ದರೆ ಆ ಅಂಗಿಯನ್ನೇ ಹಾಕಿಕೊಂಡು ಸುಮ್ಮನಿರುತ್ತಿದ್ದೆವು. ಆದರೆ ಪಟ್ಟಿಯ ಕೆಳಗೆ ಆಸ್ಪತ್ರೆಯವರ ಸೂಚನೆಯೊಂದಿದೆ: ಡಯಾಲಿಸಿಸ್ ಗುಂಪಿನ ಜೀವನಮಟ್ಟ ತೃಪ್ತಿಕರವಾಗಿರುವುದರಿಂದ, ಅವರನ್ನು ಕರೆತರುವ ವ್ಯಾನನ್ನು ಬರುವ ಒಂದನೇ ತಾರೀಖಿನಿಂದ ಮಂಡಿಯ ಗುಂಪಿಗೆ ಕೊಡಲಾಗುವುದು. ನಾನು ಹತ್ತಿರದವನು, ಹೇಗೋ ಬಂದೇನು. ನನ್ನ ಪಕ್ಕದ ಕುರ್ಚಿಯ ಟೈಪಿಸ್ಟ್ ಅಕ್ಕನ ಮನೆಯಿಂದ ಎರಡು ಬಸ್ಸು ಬದಲಾಯಿಸಬೇಕು. ರಕ್ತ ತೊಳೆಸಿಕೊಂಡು ಎದ್ದ ಮೇಲೆ ಬಾಗಿಲ ತನಕ ಹೋಗುವುದಕ್ಕೇ ಅವರಿಗೆ ನನ್ನ ಹೆಗಲು ಬೇಕು. ಬರುವಾಗಲೇ ಸೂಚನೆ ಓದಿದ್ದ ಅವರು, ತಮ್ಮ ಸೂಜಿ ತೆಗೆಸಿಕೊಂಡ ಮೇಲೆ ಹೊದಿಕೆ ಮಡಚುತ್ತಾ, ‘ವಾರಕ್ಕೊಂದ್ಸಲ ಬರ್ತೀನಿ ಬಿಡು ತಮ್ಮ, ಅಷ್ಟಾದರೂ ಆಗುತ್ತಲ್ಲ’ ಎಂದರು. ಮೂರು ಸಲ ತೊಳೆಯಬೇಕಾದ ರಕ್ತವನ್ನು ಒಂದೇ ಸಲ ತೊಳೆದರೆ ಎಷ್ಟು ವಾರ ನಡೆದೀತೆಂಬುದು ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಉಳಿದವರ ಸೂಜಿ ಇನ್ನೂ ಚುಚ್ಚಿಯೇ ಇತ್ತಾದ್ದರಿಂದ, ಕಟ್ಟಳೆಯಂತೆ ಆ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹ. ದಯವಿಟ್ಟು ಒಂದು ದಿನ ಬಂದು ನಮ್ಮ ಕುರ್ಚಿಯಲ್ಲಿ ನಾಲ್ಕು ಗಂಟೆ ಪವಡಿಸಿ. ಹಾಳೆಗೆ ತೋಳಿಲ್ಲವೆಂಬ ಸಂಕೋಚ ಬೇಡ, ಸಿಸ್ಟರ್ ಎಲ್ಲಿ ಬೇಕಾದರೂ ನಾಳ ಹುಡುಕಬಲ್ಲರು. ಆಮೇಲೆ ತಮ್ಮ ನಾಲ್ಕನೆಯವರು ಮೂರು ಮಹಡಿ ಹತ್ತಿ ತೋರಿಸಲಿ. ಅದು ಆಗದಿದ್ದರೆ ನಮ್ಮನ್ನು ಮನೆಯಲ್ಲಿ, ಸೂಜಿಯಿಲ್ಲದ ದಿನ, ಸಿಸ್ಟರ್ ಎದುರಿಗಿಲ್ಲದಾಗ ಮತ್ತೊಮ್ಮೆ ಕೇಳಿ. ಅಷ್ಟರೊಳಗೆ ಚೆನ್ನಾಗಿ ನರಳುವುದನ್ನು ಅಭ್ಯಾಸ ಮಾಡಿಕೊಂಡಿರುತ್ತೇವೆ, ಮೇಷ್ಟ್ರು ಈಗಾಗಲೇ ಪಾಠ ಶುರುಮಾಡಿದ್ದಾರೆ. ಅದೂ ಆಗದಿದ್ದರೆ ಇಪ್ಪತ್ತೊಂಬತ್ತನೆಯದಾಗಿ ಒಂದೇ ಒಂದು ಪ್ರಶ್ನೆ ಸೇರಿಸಿ: ‘ವ್ಯಾನ್ ಬರದಿದ್ದರೆ ನೀವು ಬರುತ್ತೀರಾ?’ ಅದಕ್ಕೆ ಗುರುತು ಹಾಕಲು ತಮ್ಮ ಎಂದಿನ ಐದು ಚೌಕ ಬೇಡ, ಎರಡು ಸಾಕು.

ಎಂಟು ಕುರ್ಚಿಗಳ ಪರವಾಗಿ, ತಮ್ಮ ಅಳತೆಯಲ್ಲಿ ಎಪ್ಪತ್ತೆಂಟರಷ್ಟು ಸುಖಿಯಾದ,
ತಮ್ಮ ವಿಶ್ವಾಸಿ,
ಐದನೇ ಕುರ್ಚಿಯ ದರ್ಜಿ

ಮರೆತ ಮಾತು: ನಮ್ಮಲ್ಲಿ ಒಬ್ಬರೇ ಒಬ್ಬರು ತಮಗೆ ನಿಜ ಹೇಳಿದ್ದಾರೆಂದು ನಿನ್ನೆ ಗೊತ್ತಾಯಿತು. ಕಾಗದದ ಮೇಲೆ ಸುಳ್ಳು ಹಾಕಿ ಅಭ್ಯಾಸವಿಲ್ಲದ ಟೈಪಿಸ್ಟ್ ಅಕ್ಕ, ಸಿಸ್ಟರ್ ಕೈಯಿಂದ ತಮ್ಮನ್ನು ಇಸಿದುಕೊಂಡು ತಾವೇ ಗುರುತು ಹಾಕಿದ್ದರಂತೆ. ಅವರಿಗೆ ಬಂದದ್ದು ಇಪ್ಪತ್ತೊಂಬತ್ತು. ಅವರನ್ನು ಬಿಟ್ಟು ನಮ್ಮ ಏಳು ಜನರ ಸರಾಸರಿಯನ್ನು ಮೇಷ್ಟ್ರು ತೆಗೆದರು: ಎಂಬತ್ತೈದು. ಮುಂದಿನ ಸಲ ತಾವು ಅಳೆಯಲು ಬಂದಾಗ ನಮ್ಮ ಅಂಕ ಅಷ್ಟಕ್ಕೆ ಏರಿರುವುದನ್ನು ಕಂಡರೆ, ದಯವಿಟ್ಟು ಅಭಿನಂದನೆ ತಿಳಿಸುವ ಮೊದಲು ತುಂಬಿರುವ ಕುರ್ಚಿಗಳನ್ನು ಎಣಿಸಿ. ಒಂದನೇ ತಾರೀಖಿಗೆ ಇನ್ನು ಒಂಬತ್ತು ದಿನವಿದೆ. ಬೇಗ ಉತ್ತರ ಬರೆಯಿರಿ.