ಸಿಮೆಂಟ್ ಅಂಗಡಿಯವನ ಗಡಿಗೆ ಮನೆ

ಅಂಗಡಿ ಇಟ್ಟವನ ಮುಂದೆ ಮಂದಿ ದಿನಾ ಒಂದಿಲ್ಲೊಂದು ತಮಾಷೆ ಮಾಡಿಯೇ ಹೋಗುತ್ತಾರೆ. ಅಂಥವ ಮನೆ ಕಟ್ಟಲು ನಿಂತನೆಂದರೆ ಮುಗಿಯಿತು, ತಮಾಷೆ ತಾನೇ ಹುಡುಕಿಕೊಂಡು ಬಂದು ಚಾ ಕುಡಿಯುತ್ತ ಕೂಡುತ್ತದೆ.

ಭಾಲ್ಕಿಯಲ್ಲಿ ನನ್ನದು ಸಿಮೆಂಟ್, ಕಬ್ಬಿಣದ ಸಳಿ, ತಗಡಿನ ಅಂಗಡಿ. ಬರದ ವರ್ಷಗಳವು. ಓಣಿಗೆಲ್ಲ ಟ್ಯಾಂಕರ್ ನೀರು. ಗೋಡೆ ಕಟ್ಟುವ ಗೌಂಡಿಗಳೆಲ್ಲ ಹೈದರಾಬಾದ್, ಪುಣೆಯ ಬಸ್ಸು ಹತ್ತಿ ಹೋಗಿದ್ದರು. "ಇಂಥಾ ಟೈಮಿನ್ಯಾಗ ಮನಿ ಕಟ್ಟೋನು ಹುಚ್ಚ" ಅಂದರು ಮಂದಿ. ಆಗಲಿ, ಅಗ್ಗದ ಹುಚ್ಚನಾದರೂ ಆಗೋಣ ಅಂದುಕೊಂಡೆ. ಗೋಡೆಗೆ ಬೀದರದ ಕೆಂಪು ಕಲ್ಲು, ನಡುವೆ ಮಣ್ಣು, ಸಂದಿಗೆ ಸುಣ್ಣ. ಮೇಲಿನ ಸ್ಲ್ಯಾಬಿನ ಹೊಟ್ಟೆಯೊಳಗೆ ಬೋರಲು ಹಾಕಿದ ಮಣ್ಣಿನ ಗಡಿಗೆ. ಗಡಿಗೆ ಕೂತ ಜಾಗಕ್ಕೆ ಕಾಂಕ್ರೀಟ್ ಬೇಕಾಗುವುದಿಲ್ಲ. ಅದರೊಳಗಿನ ಗಾಳಿ ಬಿಸಿಲನ್ನು ಕೆಳಗೆ ಇಳಿಯಗೊಡುವುದಿಲ್ಲ. ಸಿಮೆಂಟೂ ಉಳಿಯಿತು, ನೀರೂ ಉಳಿಯಿತು, ಮುಂದೆ ಫ್ಯಾನಿನ ಕರೆಂಟೂ ಉಳಿಯುತ್ತದೆ.

ಭರೋಸಾ

ಸುದ್ದಿ ಹಬ್ಬಿತು. ಠಾಣಾ ಕುಶನೂರಿನಿಂದ ಮಾಲು ಒಯ್ಯಲು ಬಂದ ಗಿರಾಕಿ ಕಟ್ಟೆಯ ಮೇಲೆ ಕೂತು ಕೇಳಿದ: "ಸಾವಕಾರ್ರೇ, ನಿಮ್ಮ ಸಿಮೆಂಟಿನ ಮ್ಯಾಲ ನಿಮಗೇ ಭರೋಸಾ ಇಲ್ಲೇನ್ರಿ?"

"ಭರೋಸಾ ಅದ ಅಂತೇ ನಿನಗ ಮಾರ್ಲಾಕತ್ತೀನಿ. ಎಲ್ಲಾ ನಾನೇ ಹಾಕ್ಕೊಂಡ್ರ ನಿನಗೇನು ಉಳೀತದ?"

ಅವ ಗಾಬರಿಯಾಗಿ ಒಂದು ಚೀಲ ಹೆಚ್ಚಿಗೆ ಒಯ್ದ.

ಗಿರಾಕಿಯನ್ನು ಹೀಗೆ ಕಳಿಸಬಹುದು. ಹೆಂಡತಿಯನ್ನು ಕಳಿಸುವುದೆಲ್ಲಿಗೆ? ಅವಳು ಬಾಡಿಗೆ ಮನೆಯ ಹೊಸ್ತಿಲ ಮೇಲೆ ಕೂತು ಫರ್ಮಾನು ಹೊರಡಿಸಿದಳು: "ಸಿಮೆಂಟ್ ಅಂಗಡ್ಯವನ ಹೆಂಡ್ತಿ ಗಡಿಗಿ ಕೆಳಗ ಮಲಗ್ಯಾಳಂತ ಔರಾದದ ತನಕ ನಗ್ತಾರ. ಒಂದು ಗಡಿಗಿ ಜಾರಿದ್ರ ನನ್ನ ತಲಿ ಮ್ಯಾಲೇ ಬೀಳ್ತದ. ಮನಿ ಪೂಜಿಗೆ ಬರ್ತೇನಿ, ಮಲಗ್ಲಾಕ ಬರಲ್ಲ. ನಾ ಇಲ್ಲೇ ಇರ್ತೇನಿ."

ಇದು ಮನೆಯೊಳಗಿನ ಜಗಳವಷ್ಟೇ ಆಗಿರಲಿಲ್ಲ. ಸ್ವಂತ ಹೆಂಡತಿಯೇ ಮಲಗಲು ಹೆದರುವ ಮನೆ ಕಟ್ಟಿದವನ ಹತ್ತಿರ ನಾಳೆ ಸಾಮಾನು ಕೊಳ್ಳುವವರು ಯಾರು? ಅವಳು ಬರದಿದ್ದರೆ ಹೊಸ ಮನೆಗೊಂದೇ ಅಲ್ಲ, ಅಂಗಡಿಗೂ ಕೀಲಿ ಬೀಳುತ್ತಿತ್ತು. ಆದರೂ ನಾನು ಬಗ್ಗಲಿಲ್ಲ.

"ಬರಬ್ಯಾಡ. ನಾ ಗಡಿಗಿ ಕೂಡೇ ಸಂಸಾರ ಮಾಡ್ತೇನಿ. ಅವು ಎದುರು ಮಾತಾಡಲ್ಲ."

"ಮಾತಾಡಲ್ಲ ಖರೆ," ಅಂದಳು. "ರೊಟ್ಟಿನೂ ಬಡಿಯಲ್ಲ."

ಪಾಳಿ

ಕುಂಬಾರ ಟ್ರ್ಯಾಕ್ಟರ್ ತುಂಬ ಗಡಿಗೆ ತಂದ. ಒಂದರ ಮೇಲೊಂದು ಇಟ್ಟರೆ ಒಡೆದಾವೆಂದು ಹೊಸ ಮನೆಯ ಮುಂದೆ ರಸ್ತೆಯ ಗುಂಟ ಸಾಲಾಗಿ ಇಡಿಸಿದೆ. ಅದೇ ತಪ್ಪಾಯಿತು.

ಮರುದಿನ ಹೋಗಿ ನೋಡಿದರೆ ನನ್ನ ಗಡಿಗೆಗಳ ಹಿಂದೆ ಇಡೀ ಓಣಿಯ ಕೊಡ, ಬಕೆಟ್, ಎಣ್ಣೆ ಡಬ್ಬಿ ಸಾಲು ಹಚ್ಚಿ ಕೂತಿದ್ದವು. ಡಬ್ಬಿ ಇಲ್ಲದವರು ಜಾಗ ಹಿಡಿಯಲು ಕಲ್ಲು ಇಟ್ಟಿದ್ದರು. ಮುಂದೆ ನಿಂತಿದ್ದ ಮುದುಕಿ ಕೇಳಿದಳು: "ಟ್ಯಾಂಕರ್ ಯಾವಾಗ ಬರ್ತದ್ರಿ ಸಾವಕಾರ್ರೇ?"

"ಯಾವ ಟ್ಯಾಂಕರ್ ಅವ್ವಾ?"

"ಖಬರ್ ಇಲ್ಲದೇ ಇಷ್ಟು ಗಡಿಗಿ ಪಾಳಿ ಹಚ್ತೀರೇನು?"

"ಇವು ನೀರಿಗಲ್ಲ. ಮಾಳಿಗಿಗೆ."

"ಮಾಳಿಗಿಗೆ ಗಡಿಗಿ! ಸುಳ್ಳು ಹೇಳಿದ್ರೂ ನಂಬೋ ಹಂಗ ಹೇಳ್ರಿ."

ಹಿಂದಿನಿಂದ ಇನ್ನೊಬ್ಬಳ ದನಿ ಏರಿತು: "ಒಬ್ರೇ ಇಷ್ಟು ಹಿಡದ್ರ ನಮಗೇನು ಕೆಸರು ಬರ್ತದೇನ್ರಿ?" ಇದು ಬಗೆಹರಿಯುವ ಮಾತಲ್ಲವೆಂದು ನಾನು ಗಡಿಗೆ ಎತ್ತಿ ಒಳಗೆ ಇಡತೊಡಗಿದೆ. "ಸಿಕ್ಕುಬಿದ್ದ, ನೋಡ್ರಿ ಹ್ಯಾಂಗ ಮುಚ್ಚಿಡ್ತಾನ!" ಅಂತ ಗದ್ದಲ. ನಾನು ಒಂದು ಗಡಿಗೆ ತೆಗೆದಂತೆ ಪಾಳಿ ಒಂದು ಹೆಜ್ಜೆ ಮುಂದೆ ಬಂತು.

ಕಡೆಯ ಗಡಿಗೆ ಒಳಗಿಟ್ಟು ಬೆವರು ಒರೆಸಿಕೊಳ್ಳುವಾಗ ಬೇರೆ ಓಣಿಗೆ ಹೊರಟಿದ್ದ ಟ್ಯಾಂಕರಿನ ಡ್ರೈವರ್ ಈ ಸಾಲು ನೋಡಿದ. ಇಷ್ಟು ಮಂದಿಯನ್ನು ದಾಟಿ ಹೋಗುವುದು ಕ್ಷೇಮವಲ್ಲ ಅನ್ನಿಸಿರಬೇಕು, ಗಾಡಿ ನಿಲ್ಲಿಸಿ ಪೈಪು ಬಿಟ್ಟ. ಎಲ್ಲರ ಕೊಡ ತುಂಬಿದವು. ನಾನು ಒಂದು ಗಡಿಗೆ ಹೊರಗೆ ತರುವಷ್ಟರಲ್ಲಿ ಟ್ಯಾಂಕರ್ ಖಾಲಿ.

ಮುದುಕಿ ತುಂಬಿದ ಕೊಡ ಸೊಂಟಕ್ಕೇರಿಸಿ ಕನಿಕರದಿಂದ ನೋಡಿದಳು: "ಬರ್ತದಂತ ನಾ ಹೇಳಲಿಲ್ಲೇನ್ರಿ? ಯಾಕ ಒಳಗ ಇಟ್ರಿ?"

ಮಾಳಿಗೆ ಮೇಲಿನ ಜಳಕ

ಹೈದರಾಬಾದಿನಿಂದ ಮದುವೆಗೆಂದು ಊರಿಗೆ ಬಂದಿದ್ದ ಒಬ್ಬ ಗೌಂಡಿಯನ್ನು ಹಿಡಿದು ನಿಲ್ಲಿಸಿಕೊಂಡೆ. ಗಡಿಗೆ ಕೂಡಿಸಿ ಸ್ಲ್ಯಾಬ್ ಹಾಕಿದ. ಕಡಿಮೆ ಕಾಂಕ್ರೀಟ್ ಆದರೇನು, ಹಸಿ ಸ್ಲ್ಯಾಬು ಒಣಗಿದರೆ ಸೀಳುತ್ತದೆ. ಸೀಳಿದರೆ ಹೆಂಡತಿಯ ಮಾತೇ ಗೆದ್ದಂತೆ. ಕುಡಿಯುವ ನೀರನ್ನು ಸ್ಲ್ಯಾಬಿಗೆ ಸುರಿದರೆ ಓಣಿಯವರು ನನ್ನನ್ನು ಸೀಳುತ್ತಾರೆ. ಯೋಚಿಸಿ ಒಂದು ಕಾಯ್ದೆ ಮಾಡಿದೆ. ಸ್ಲ್ಯಾಬಿನ ಮೇಲೆ ಗೋಣಿಚೀಲ ಹಾಸಿ, ಸುತ್ತ ಮಣ್ಣಿನ ಒಡ್ಡು ಕಟ್ಟಿ, ಗೌಂಡಿ, ಆಳುಗಳು, ನಾನು ಎಲ್ಲರೂ ಅಲ್ಲೇ ಜಳಕ ಮಾಡುವುದು. ಸಾಬೂನು ಬಂದ್.

ಅಷ್ಟರಲ್ಲಿ ಔರಾದದಿಂದ ಹೆಂಡತಿಯ ತಮ್ಮ ಬಂದ. ಶಾಲೆಯ ಮಾಸ್ತರ, ತನ್ನ ಮನೆಗೆ ದಪ್ಪ ಸ್ಲ್ಯಾಬ್ ಹಾಕಿಸಿ ಮೀಸೆ ತಿರುವಿದವ. ಬಸ್ಸಿನ ಧೂಳು ಜಾಡಿಸುತ್ತಲೇ ಶುರುಮಾಡಿದ: "ಮಾಮಾ, ಇದು ಮನಿಯೋ ಕುಂಬಾರನ ಭಟ್ಟಿಯೋ?"

"ಮದಲ ಜಳಕ ಮಾಡು, ಆಮ್ಯಾಲ ನಗು" ಅಂತ ಬಕೆಟ್ ಕೊಟ್ಟು ಏಣಿ ತೋರಿಸಿದೆ.

ಅವ ಮೊದಲ ತಂಬಿಗೆ ಸುರಿದುಕೊಂಡಿದ್ದ. ಗೌಂಡಿ ಏಣಿಯ ತುದಿಯಿಂದ ಇಣುಕಿ ಕೂಗಿದ: "ಮಾಸ್ತರ್ರೇ, ಮೂಡಲ ಮೂಲಿ ಒಣಗ್ಯಾದ! ಜರಾ ಆ ಕಡಿ ಸರದು ಸುರಕೋರಿ!"

ಮಾಸ್ತರ ಸರಿದ. ತಲೆ ಎತ್ತಿ ನೋಡಿದರೆ ಆಜುಬಾಜಿನ ಮಾಳಿಗೆಯ ಮೇಲೆಲ್ಲ ಮಂದಿ. ನಾಚಿ ಟವೆಲ್ಲು ಬಿಗಿಹಿಡಿದು ಒದರಿದ: "ಮಾಮಾ, ಇಷ್ಟು ಮಂದಿ ನೋಡ್ಲಾಕತ್ತಾರಲ್ರಿ!"

"ಖುಷಿಪಡಬ್ಯಾಡ. ನಿನ್ನ ಯಾರೂ ನೋಡ್ಲಾಕತ್ತಿಲ್ಲ. ನೀರ ನೋಡ್ಲಾಕತ್ತಾರ."

ಯಾರ ತಲೆ

ಬೇಸಿಗೆ ತಲೆ ಸುಡುವ ಹೊತ್ತಿಗೆ ಮನೆ ಮುಗಿಯಿತು. ಹೆಂಡತಿ ಆಡಿದಂತೆ ಪೂಜೆಗೆ ಬಂದಳು, ಊಟ ಬಡಿಸಿದಳು, ಬಾಡಿಗೆ ಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಹೊಸ ಮನೆಯಲ್ಲಿ ಒಬ್ಬನೇ ಮಲಗಿದೆ. ಬಂದ ಗಿರಾಕಿಗಳೆಲ್ಲ "ಅಮ್ಮಾರು ಬಂದ್ರೇನ್ರಿ?" ಅಂತ ಕೇಳುವರು. "ಬರ್ತಾರ" ಅಂದು ಸಳಿ ತೂಗುವೆ.

ಹಾಗಿರುವಾಗ ಒಂದು ದಿನ ಅವಳ ತಮ್ಮ ಮನೆ ನೋಡಲು ಬಂದ. ಊಟ ಮುಗಿಸಿ, ಬಸ್ಸಿಗೆ ಹೊತ್ತಿದೆಯೆಂದು ಫರ್ಶಿ ಕಲ್ಲಿನ ನೆಲದ ಮೇಲೆ ಒರಗಿದ. ಕರೆಂಟ್ ಹೋಯಿತು. ಆದರೂ ಏಳಲಿಲ್ಲ. ಬಸ್ಸು ಹೋಯಿತು. ಆಗಲೂ ಏಳಲಿಲ್ಲ. ಮರುದಿನ ಎದ್ದವನೇ ಔರಾದದಲ್ಲಿದ್ದ ಹೆಂಡತಿಗೆ ಫೋನು ಹಚ್ಚಿದ: "ಮಕ್ಕಳನ್ನ ಕರ್ಕೊಂಡು ಬಾ. ನಮ್ಮ ಮನ್ಯಾಗ ಕಾದ ಕಾವಲಿ ಮ್ಯಾಲ ಮಲಗಿದಂಗ ಆಗ್ತದ. ಸಾಲಿ ಬ್ಯಾಸಗಿ ಸೂಟಿ ಮುಗಿಯೋ ತನಕ ಮಾಮಾನ ಮನ್ಯಾಗ ಇರೋಣ."

ಸಂಜೆಗೆ ಅವನ ಹೆಂಡತಿ ಮಕ್ಕಳ ಸಮೇತ ಇಳಿದಳು. ಬಾಡಿಗೆ ಮನೆಗೆ ಊಟಕ್ಕೆ ಹೋದಾಗ ಸುಮ್ಮನೆ ಅಂದೆ: "ನಿನ್ನ ತಮ್ಮನ ಹೆಂಡ್ತಿ ಅಡಗಿಮನಿ ಚಂದ ಜೋಡಿಸ್ಯಾಳ. ಒಲಿ ಎಡಕ್ಕ ಸರಿಸ್ಯಾಳ."

ಬಡಿಯುತ್ತಿದ್ದ ರೊಟ್ಟಿ ಕೈಯಲ್ಲೇ ನಿಂತಿತು. "ನನ್ನ ಒಲಿ?"

ನಾನು ಉಂಡು ಕೈ ತೊಳೆಯುವಷ್ಟರಲ್ಲಿ ಗಾದಿ, ಟ್ರಂಕು, ಹಿಟ್ಟಿನ ಡಬ್ಬಿ ಆಟೋದಲ್ಲಿದ್ದವು. ಹೊಸ ಮನೆಯ ನಡುಮನೆಯಲ್ಲಿ ತಮ್ಮ ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿದ್ದ.

"ಏಳೋ! ಯಾರ ಮನಿ ಅಂತ ಮಲಗಿದಿ?"

ಅವ ಕಣ್ಣು ತೆರೆಯದೇ ಹೇಳಿದ: "ಅಕ್ಕಾ, ಗಡಿಗಿ ತಲಿ ಮ್ಯಾಲ ಬೀಳ್ತಾವ ಅಂತ ನೀನೇ ಅಂದಿದ್ದಿ. ನಿನ್ನ ತಲಿ ಯಾಕ, ನನ್ನ ತಲಿ ಮ್ಯಾಲೇ ಬೀಳ್ಲಿ ಅಂತ ಮಲಗೀನಿ."

"ನನ್ನ ಗಂಡ ಕೂಡಿಸಿದ ಗಡಿಗಿ," ಅಂದಳು ನನ್ನ ಹೆಂಡತಿ, ಅವನ ದಿಂಬು ಎಳೆದು ಆಚೆ ಒಗೆಯುತ್ತ. "ಬಿದ್ರ ನನ್ನ ತಲಿ ಮ್ಯಾಲ ಬೀಳ್ತಾವ. ನಿನ್ನ ತಲಿಗೇನು ಹಕ್ಕದ?"

ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು: "ನೀವೇನು ನೋಡ್ತೀರಿ? ಆ ಗಾದಿ ಇಳಸ್ರಿ."