ಚೀಟಿ ಕಟ್ಟಿಸಿಕೊಂಡ ಪ್ರಯಾಣಿಕ

ದರ್ಜಿ ಬೆಳಗಿನ ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹಿತ್ತಿಲ ಬಾಗಿಲಿಗೇ ಬಂದು ನಿಂತರು. ಕೈಯಲ್ಲೊಂದು ಅಚ್ಚಾದ ಹಾಳೆ.

"ವಿಮಾನದವರನ್ನ ನಂಬಬೇಡಪ್ಪ. ಪ್ರಯಾಣಿಕರ ಹಕ್ಕೆಲ್ಲ ಇದರಲ್ಲಿದೆ. ಜೇಬಲ್ಲಿಟ್ಕೋ."

"ನಾನು ಜಗಳಕ್ಕೆ ಹೋಗ್ತಿಲ್ಲ ಮೇಷ್ಟ್ರೇ, ಬೆಕ್ಕು ಬಿಟ್ಟು ಬರೋಕೆ ಹೋಗ್ತಿದೀನಿ."

"ಜಗಳಕ್ಕೆ ನೀನು ಹೋಗಬೇಕಾಗಿಲ್ಲ, ಅದೇ ಹುಡುಕ್ಕೊಂಡು ಬರುತ್ತೆ." ಮೇಷ್ಟ್ರು ನೊರೆ ಹತ್ತಿದ ಕೈಗೇ ಹಾಳೆ ತುರುಕಿ ನಡೆದರು.

ಹುಡುಕಿಕೊಂಡು ಬಂದ ಜಗಳ ಮನೆಯಲ್ಲಿ ಆಗಲೇ ಒಂದಿತ್ತು. ಮೂರು ವಾರದ ಹಿಂದೆ ದರ್ಜಿ ತಾಯಿಗೆ ಹೊಸ ಬಟ್ಟೆ ಹೊಲಿದಿದ್ದ. ಅದು ಬಿಗಿಯಾಯಿತು. "ಅಳತೆ ಸರಿಯಾಗೇ ಇದೆಯಮ್ಮ, ನೀನೇ ದಪ್ಪ ಆಗಿದೀಯ" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾಯಿ ಅಂದೇ ಪೆಟ್ಟಿಗೆ ಕಟ್ಟಿ ದೂರದೂರಿನ ಮಗಳ ಮನೆ ಸೇರಿದಳು. ಮಗನ ಫೋನಿಗೆ ಬರಲೇ ಇಲ್ಲ. ಕೊನೆಗೆ ಅಕ್ಕನ ಬಾಯಲ್ಲಿ ಹೇಳಿಸಿದ್ದು ಒಂದೇ ಮಾತು: ದೊರೆಯನ್ನು ಕಳಿಸಿಕೊಡು. ದೊರೆ ಎಂದರೆ ಅವಳ ಬೆಕ್ಕು.

"ಬೆಕ್ಕಿನ ನೆಪದಲ್ಲಿ ನೀವೇ ಹೋಗಿ. ಕಾಲು ಹಿಡಿದಾದ್ರೂ ಅತ್ತೆನ ಕರ್ಕೊಂಡು ಬನ್ನಿ" ಎಂದಿದ್ದಳು ಹೆಂಡತಿ. ಮೊಮ್ಮಗಳ ಮುಖ ನೋಡಿಯಾದರೂ ಕರಗಲಿ ಎಂದು ಏಳು ವರ್ಷದ ಮಗಳನ್ನೂ ಜೊತೆಗೆ ಹೊರಡಿಸಿದಳು.

ವಿಮಾನ ನಿಲ್ದಾಣದಲ್ಲಿ ದೊರೆ ಬುಟ್ಟಿಸಮೇತ ತಕ್ಕಡಿ ಏರಿತು.

"ಏಳು ಕಿಲೋ ನಾನೂರು ಗ್ರಾಂ" ಎಂದಳು ಕೌಂಟರಿನ ಹುಡುಗಿ. "ಏಳು ಕಿಲೋ ದಾಟಿದ್ರೆ ಸೀಟಿನ ಹತ್ರ ಇಟ್ಕೊಳ್ಳೋ ಹಾಗಿಲ್ಲ ಸರ್."

ದರ್ಜಿ ಬುಟ್ಟಿಯೊಳಗಿನ ಮೆತ್ತೆ ತೆಗೆದ. ಹೊದಿಕೆ ತೆಗೆದ. ತಕ್ಕಡಿ ಏಳು ಕಿಲೋ ಐವತ್ತು ಗ್ರಾಂಗೆ ಇಳಿದು ನಿಂತಿತು. ಹಿಂದೆ ಸಾಲಿನಲ್ಲಿದ್ದವರಿಗೂ ಕೆಲಸ ಸಿಕ್ಕಿತು.

"ಕೊರಳಪಟ್ಟಿ ಬಿಚ್ಚಿ."

"ಹೊಟ್ಟೆ ಬಿರಿಯೋ ಹಾಗೆ ತಿನ್ನಿಸಿದೀರಿ, ಅದೇ ತಪ್ಪು."

"ಇನ್ನು ಐವತ್ತೇ ಗ್ರಾಂ ಅಲ್ವಾ, ಕೂದಲು ಕತ್ತರಿಸಿಬಿಡಿ."

ಕತ್ತರಿಸು ಎಂದದ್ದೇ ತಡ, ಅಭ್ಯಾಸಬಲದಿಂದ ದರ್ಜಿಯ ಕೈ ಜೇಬಿಗೆ ಹೋಗಿ ಕತ್ತರಿ ಹೊರಗೆ ತಂದಿತು. ಕಾವಲಿನವನು ಹದ್ದಿನಂತೆ ಎರಗಿ ಕಿತ್ತುಕೊಂಡ. ಇಪ್ಪತ್ತು ವರ್ಷ ಅನ್ನ ಕೊಟ್ಟ ಕತ್ತರಿ. ದೊರೆ ಮಾತ್ರ ತಕ್ಕಡಿಯ ಮೇಲೆ ಮೈಮುರಿದು ಆಕಳಿಸಿತು.

"ಸಾಮಾನಿನ ಜೊತೆ ಕೆಳಗೆ ಕಳಿಸ್ತೀನಿ ಸರ್."

"ಅಲ್ಲಿ ಗಾಳಿ ಬೆಳಕು ಇರುತ್ತೇನಮ್ಮ?"

"ಇರುತ್ತೆ. ಕಾಲು ಚಾಚೋಕೆ ನಿಮ್ಮ ಸೀಟಿಗಿಂತ ಹೆಚ್ಚೇ ಜಾಗ ಇದೆ."

ಅವಳು ಬುಟ್ಟಿಗೆ ಹಳದಿ ಚೀಟಿ ಕಟ್ಟಿ ಒಳಗೆ ಕಳಿಸಿದಳು. ಆಮೇಲೆ ತಂದೆ, ಮಗಳು ಇಬ್ಬರ ಹೆಸರೂ ಹುಡುಕುತ್ತ ಹುಡುಕುತ್ತ ಅವಳ ಮುಖ ಸಪ್ಪಗಾಯಿತು.

"ವಿಮಾನ ತುಂಬಿಹೋಗಿದೆ ಸರ್. ನೀವಿಬ್ರೂ ನಾಳೆ ಬನ್ನಿ."

"ಟಿಕೆಟ್ ಇದೆಯಲ್ಲಮ್ಮ?"

"ಟಿಕೆಟ್ ಎಲ್ಲರ ಹತ್ರಾನೂ ಇದೆ. ಸೀಟು ಕಡಿಮೆ ಇದೆ, ಅಷ್ಟೆ."

ದರ್ಜಿಗೆ ಮೇಷ್ಟ್ರು ದೇವರಂತೆ ನೆನಪಾದರು. ಹಾಳೆ ಬಿಡಿಸಿ ಎಲ್ಲರಿಗೂ ಕೇಳುವಂತೆ ಓದಿದ: "ಚೀಟಿ ಕೊಟ್ಟು ಒಳಗೆ ಸೇರಿಸಿಕೊಂಡವರನ್ನು ಬಿಟ್ಟುಹೋಗುವಂತಿಲ್ಲ. ಅದೇ ದಿನ ತಲುಪಿಸತಕ್ಕದ್ದು. ತಡವಾದರೆ ಲಿಖಿತ ಕ್ಷಮಾಪಣೆ ಕೊಡತಕ್ಕದ್ದು."

"ಸರಿಯಾಗಿ ಕೇಳಿದ್ರಿ, ಬಿಡಬೇಡಿ" ಎಂದಿತು ಸಾಲು. ಗದ್ದಲ ಕೇಳಿ ಮ್ಯಾನೇಜರ್ ಬಂದ. ಹಾಳೆಯನ್ನು ಎರಡು ಸಲ ಓದಿ, ಕಂಪ್ಯೂಟರಿನಲ್ಲಿ ಏನೋ ನೋಡಿ, ವಿನಯವಾಗಿ ತಲೆಬಾಗಿದ.

"ನೂರಕ್ಕೆ ನೂರು ಸರಿ ಸರ್. ಇದರ ಪ್ರಕಾರವೇ ಮಾಡ್ತೀವಿ. ಕೂತಿರಿ."

ದರ್ಜಿ ಕೋಟೆ ಗೆದ್ದವನಂತೆ ಬಂದು ಕೂತ. "ನೋಡಿದ್ಯಾ, ಬಾಯಿ ಇದ್ದವನು ಬದುಕ್ತಾನೆ" ಎಂದು ಮಗಳಿಗೆ ಪಾಠವನ್ನೂ ಹೇಳಿದ. ಒಂದು ಗಂಟೆ ಕಳೆಯಿತು. ಯಾರೂ ಕರೆಯಲಿಲ್ಲ. ಗಾಜಿನಾಚೆ ವಿಮಾನವೊಂದು ಹೊರಳಿ, ಓಡಿ, ಮೇಲೆದ್ದಿತು. ದರ್ಜಿ ಎದ್ದುಬಿದ್ದು ಕೌಂಟರಿಗೆ ಓಡಿದ.

"ನಮ್ಮನ್ನ ಬಿಟ್ಟೇ ಹೋಯ್ತಲ್ರೀ?"

"ನಿಮ್ಮ ಹಾಳೆ ಪ್ರಕಾರವೇ ಕಳಿಸಿದೀವಿ ಸರ್" ಎಂದ ಮ್ಯಾನೇಜರ್. "ಚೀಟಿ ಕೊಟ್ಟಿದ್ದು ಬೆಕ್ಕಿಗೆ. ಅದನ್ನ ಇಳಿಸೋ ಅಧಿಕಾರ ನಮಗಿಲ್ಲ. ನಿಮಗಿನ್ನೂ ಚೀಟಿ ಕೊಟ್ಟಿರಲಿಲ್ಲವಲ್ಲ."

ಸಂಜೆಯ ಹೊತ್ತಿಗೆ ತಂದೆ ಮಗಳು ನಾಳೆಯ ವಿಮಾನಕ್ಕೆ ಕಾಯುತ್ತ ಅದೇ ಕುರ್ಚಿಗಳಲ್ಲಿ, ಮುಚ್ಚಿದ ಊಟದಂಗಡಿಯ ಉಚಿತ ಚೀಟಿ ಹಿಡಿದು ಕೂತಿದ್ದರು. ಅಕ್ಕನ ಮನೆಯಿಂದ ಫೋನು. ಎತ್ತಿದರೆ ತಾಯಿಯ ದನಿ. ಮೂರು ವಾರದ ಮೇಲೆ ಮೊದಲ ಸಲ. ದರ್ಜಿ ತಟ್ಟನೆ ಎದ್ದು ನಿಂತು, ಮಗಳಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ದೊರೆ ಬಂತು ಕಣೋ. ಕಾರಲ್ಲಿ ಮನೆ ಬಾಗಿಲಿಗೇ ತಂದುಕೊಟ್ರು. ಅರ್ಧ ಗಂಟೆ ತಡ ಆಯ್ತು ಅಂತ ಅದರ ಹೆಸರಿಗೆ ಕ್ಷಮಾಪಣೆ ಪತ್ರ ಬೇರೆ. ಎಂಥ ಮರ್ಯಾದಸ್ಥರು."

"ಅಮ್ಮ, ನಾವೂ ನಾಳೆ ಬಂದು..."

"ನೀವ್ಯಾಕೆ? ನನ್ನದು ಅಂತ ಅಲ್ಲಿ ಉಳಿದಿದ್ದು ಇದೊಂದು. ಇದೂ ಬಂತಲ್ಲ. ನಾನಿನ್ನು ಇಲ್ಲೇ ಇರ್ತೀನಿ."

ಅಷ್ಟು ಹೇಳಿದರೂ ತಾಯಿ ಫೋನಿಡಲಿಲ್ಲ. ಏನನ್ನೋ ಕಾಯುತ್ತಿರುವಂತೆ ಅವಳ ಉಸಿರು ಕೇಳುತ್ತಲೇ ಇತ್ತು. ದರ್ಜಿ ಗಂಟಲು ಸರಿಮಾಡಿಕೊಂಡ. ಕಾಲು ಬದಲಿಸಿದ. ಕೊನೆಗೆ ಬಾಯಿಗೆ ಬಂದದ್ದು ಇಷ್ಟು:

"ಅಮ್ಮ... ದೊರೆಗೆ ಊಟ ಸ್ವಲ್ಪ ಕಡಿಮೆ ಮಾಡು. ತಕ್ಕಡೀಲಿ ನೋಡಿದೆ, ಅದೂ ದಪ್ಪ ಆಗಿದೆ."

ಫೋನು ಕಟ್ಟಾಯಿತು.

ಮಗಳು ಅಪ್ಪನ ಮುಖವನ್ನೇ ನೋಡುತ್ತ ಕೂತಳು. ಮೂರು ವಾರದಿಂದ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದಿದ್ದುದನ್ನು ಅವಳೇ ಕೇಳಿದಳು:

"ಅಪ್ಪ, ವಿಮಾನದವರು ಬೆಕ್ಕಿಗೂ ತಪ್ಪಾಯ್ತು ಅಂದ್ರಂತೆ. ನೀನು ಅಜ್ಜಿಗೆ ಯಾವಾಗ ಅನ್ನೋದು?"