ಅವ್ವನ ಕೋಣೆ ನೆಲ ಕುಸಿದದ್ದು

ಮನೆ ಕಟ್ಟೋ ಮೇಸ್ತ್ರಿ ನಾನು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಏನು ಕುಸಿದರೂ ಜನ ಮೊದಲು ನನಗೇ ಫೋನ್ ಮಾಡ್ತಾರೆ. ನಾನು ಕಟ್ಟಿದ್ದು ಕುಸಿಯಲ್ಲ ಅನ್ನೋದು ನನಗೆ ಗೊತ್ತು. ಅವರಿಗೆ ಗೊತ್ತಾಗೋವರೆಗೂ ಓಡಾಡೋದು ನನ್ನ ಹಣೆಬರಹ.

ಸಾಹುಕಾರ್ರ ಕಾಂಪೌಂಡು

ಚಳ್ಳಕೆರೆಯಲ್ಲಿ ಒಬ್ಬ ಎಣ್ಣೆ ವ್ಯಾಪಾರಿ. ಎರೆಮಣ್ಣಿನ ಜಾಗ, ಪಾಯ ಆಳಕ್ಕೆ ತೆಗೀಬೇಕು ಅಂದಿದ್ದೆ. ಬೇಡ ಅಂತ ಬೇರೆಯವರ ಕೈಲಿ ಕಾಂಪೌಂಡು ಕಟ್ಟಿಸಿಕೊಂಡರು. ಒಂದು ಮಳೆಗಾಲ ಕಳೆಯೋದರೊಳಗೆ ಗೋಡೆಯ ಒಂದು ಮಗ್ಗುಲು ಇಳಿದು ಕೂತಿತು. ಆಗ ನನ್ನ ನೆನಪಾಯ್ತು. ಹೋಗಿ ನೋಡಿ, ಕೆಳಗಿನ ಮಣ್ಣು ಕುಸಿದೈತೆ ಅಂದೆ. ಸಾಹುಕಾರ್ರು ಒಪ್ಪಬೇಕಲ್ಲ! ಆ ಕಡೆ ಈ ಕಡೆ ನೋಡಿ, "ನಂದು ಸರಿಯಾಗೇ ಐತೆ. ಪಕ್ಕದ ಮನೆಯವನು ತನ್ನ ಜಾಗ ಎತ್ತರ ಮಾಡ್ಕೊಂಡಿದಾನೆ," ಅಂದುಬಿಟ್ಟರು.

ಮೇಷ್ಟ್ರ ಬಚ್ಚಲೊಲೆ

ಕೊಂಡ್ಲಹಳ್ಳಿಯ ವಿಜ್ಞಾನದ ಮೇಷ್ಟ್ರ ಬಚ್ಚಲಿಗೆ ಹೊಗೆಗೂಡು ಕಟ್ಟಿಕೊಟ್ಟಿದ್ದೆ. ಚಳಿಗಾಲ ಬಂತು ನೋಡಿ, ಬೆಳಿಗ್ಗೆ ಹೊತ್ತು ಹೊಗೆ ಮೇಲೇಳದೆ ಅಂಗಳದಲ್ಲೇ ಹರಡಿ ಮನೆಯೊಳಗೆ ನುಗ್ಗತೊಡಗಿತು. ಅವರ ಹೆಂಡತಿ ನನ್ನ ಕರೆಸಿ ಚೆನ್ನಾಗಿ ಬೈದರು. ಮೇಷ್ಟ್ರು ನನ್ನ ಪರ ನಿಂತು ಹೆಂಡತಿಗೆ ಪಾಠ ಶುರು ಮಾಡಿದರು. ಕುಸಿಯೋದು ಬರೀ ಮಣ್ಣಲ್ಲ, ಗಾಳಿಯೂ ಕುಸೀತೈತೆ. ಮೇಲಿನ ಗಾಳಿ ಕೆಳಗಿಳೀತಾ ಬಿಸಿಯಾಗಿ ಹೊಗೆ ಮೇಲೆ ಮುಚ್ಚಳದಂಗೆ ಕೂರ್ತೈತೆ. ಬಿಸಿಲೇರಿದ ಮೇಲೆ ಸರಿಹೋಗ್ತೈತೆ ಅಂದರು. ಆಯಮ್ಮ ಊದುಗೊಳವೆ ಅವರ ಕೈಗೆ ಕೊಟ್ಟು, "ಅಲ್ಲೀಗಂಟ ನೀವೇ ಒಲೆ ಮುಂದೆ ಕೂತ್ಕೊಳ್ರಿ," ಅಂದು ಒಳಗೆ ಹೋದರು. ಈಗಲೂ ಚಳಿಗಾಲದಲ್ಲಿ ಮೇಷ್ಟ್ರು ಕಣ್ಣು ಕೆಂಪಗೆ ಮಾಡ್ಕೊಂಡೇ ಶಾಲೆಗೆ ಹೋಗ್ತಾರೆ.

ಕಡಪ ಕಲ್ಲಿನ ಕೆಳಗೆ

ಮೊಳಕಾಲ್ಮೂರಿನ ಒಬ್ಬ ಸೀರೆ ವ್ಯಾಪಾರಿಗೆ ಹೊಸ ಮನೆ ಕಟ್ಟಿದೆ. ಅವನ ತಾಯಿ ಚಿಕ್ಕಂದಿನಿಂದ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದವರು. ಹೊಸ ಮನೆಯಲ್ಲೂ ಮಗ್ಗದ ಗುಂಡಿ ಬೇಕು ಅಂತ ಹಟ ಹಿಡಿದರು. ಮಗ ಕೇಳಲಿಲ್ಲ. ಅವ್ವ ದುಡಿದದ್ದು ಸಾಕು, ಇನ್ನು ಆರಾಮಾಗಿರಲಿ ಅಂತ ಮನೆಪೂರ್ತಿ ಕಡಪ ಕಲ್ಲು ಹಾಕಿಸಿದ. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ. ಅವ್ವ ಮಾತು ಬಿಟ್ಟರು, ಊಟವೂ ಕಮ್ಮಿ ಮಾಡಿದರು.

ಸ್ವಲ್ಪ ದಿನಕ್ಕೇ ಫೋನ್ ಬಂತು. ಅವ್ವನ ಕೋಣೆಯ ನೆಲ ಕುಸಿದೈತಂತೆ. ಹೋಗಿ ಕಲ್ಲೆತ್ತಿಸಿ, ಮಣ್ಣು ತುಂಬಿಸಿ, ದಿಮ್ಮಸು ಹೊಡೆಸಿ ಗಟ್ಟಿ ಮಾಡಿ ಬಂದೆ. ಮತ್ತೆ ಕುಸೀತು. ಮತ್ತೆ ತುಂಬಿಸಿದೆ. ಮತ್ತೂ ಕುಸೀತು. ಊರಲ್ಲಿ ನನ್ನ ಹೆಸರು ಕೆಡ್ತಾ ಬಂತು. ಸಿಟ್ಟು ನೆತ್ತಿಗೇರಿ ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೋದೆ. ಮಗ ಅಂಗಡಿಯಲ್ಲಿದ್ದ. ಕೋಣೆಯಲ್ಲಿ ಅವ್ವ ಸಲಾಕೆಯಲ್ಲಿ ಕಲ್ಲು ಮೀಟಿ, ಕುರ್ಪಿಯಿಂದ ಮಣ್ಣು ಬಗೆದು ಮೊರಕ್ಕೆ ತುಂಬ್ತಾ ಇದ್ದರು.

ನನ್ನ ಕಂಡು ಹೆದರಲೂ ಇಲ್ಲ. "ಕೈ ಸುಮ್ನೆ ಕೂತ್ರೆ ಜೀವ ಹೋದಂಗಾಗ್ತೈತೆ ಕಣಪ್ಪ. ಮಗನಿಗೆ ಹೇಳಬ್ಯಾಡ," ಅಂದರು.

ಸಂಜೆ ಮಗನನ್ನು ಕೂರಿಸಿಕೊಂಡು ಮೇಸ್ತ್ರಿ ಗತ್ತಿನಲ್ಲೇ ಹೇಳಿದೆ. ಈ ಜಾಗದ ಗುಣವೇ ಹಂಗೆ, ಎಷ್ಟು ತುಂಬಿದರೂ ಕುಸೀತೈತೆ, ಗುಂಡಿ ಹಂಗೇ ಬಿಟ್ಟು ಮೇಲೆ ಮಗ್ಗ ಹೂಡಿದರೇನೇ ಮನೆ ಉಳಿಯೋದು ಅಂದೆ. ಅವನು ಗಾಬರಿಯಾಗಿ ಅವತ್ತೇ ಅಟ್ಟದಿಂದ ಮಗ್ಗ ಇಳಿಸಿ ಗುಂಡಿ ಮೇಲೆ ಹೂಡಿಸಿದ.

ಅವ್ವ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೋಡಿದರು. ಮಗನ ಎದುರಿಗೇ ನನ್ನ ಕಡೆ ತಿರುಗಿ ಕೇಳಿದರು: "ಮಂಡಿ ಮಗ್ಗಕ್ಕೆ ತಗಲ್ತಾವಲ್ಲ ಮೇಸ್ತ್ರಿ, ನಾಳೆ ಇನ್ನೊಂದು ಗೇಣು ಕುಸೀತೈತಾ?"